ಚರಗದ ಕೂಗಿಗೆ ಓಗೊಡದ ದಿನ

ನನ್ನ ಗಂಡನ ದೊಡ್ಡಪ್ಪನ ಮಗನಿಗೆ ನಾಯಿ ಕಚ್ಚಿರಲಿಲ್ಲ. ನಾನು ಕಚ್ಚಿದ್ದೆ.

ದೀಪಾವಳಿ ಮುಗಿದ ವಾರ. ಮೋರಟಗಿ ಕಡೆಯ ನಮ್ಮ ಹೊಲದಲ್ಲಿ ತೊಗರಿ ಆಳೆತ್ತರ ನಿಂತಿತ್ತು. ಸಾಲಿನೊಳಗೆ ನಾನೊಬ್ಬಳೇ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದೆ. ಹಿಂದಿನಿಂದ ಬಂದವನು ಒಂದು ಕೈಯಿಂದ ಬಾಯಿ ಮುಚ್ಚಿದ, ಇನ್ನೊಂದು ಕೈಯನ್ನು ಸೀರೆಗೆ ಹಾಕಿದ. ಮದುವೆಯಾಗಿ ಬಂದಂದಿನಿಂದ ತಲೆ ಮೇಲೆ ಸೆರಗು ಹೊದ್ದು 'ಭಾವಾರ' ಎಂದು ನಾನು ಮಾತಾಡಿಸುತ್ತಿದ್ದ ಮನುಷ್ಯ! ಬಾಯಿ ಮೇಲಿದ್ದ ಕೈಯನ್ನು ಎಲುಬಿಗೆ ಹಲ್ಲು ತಾಗುವಂತೆ ಕಚ್ಚಿ ಹಿಡಿದೆ. ಚೀರುತ್ತ ಕೊಸರಿಕೊಂಡು ಓಡಿದ. ಮನೆಯಲ್ಲಿ ನಾಯಿ ಕಡಿಯಿತೆಂದು ಹೇಳಿದ. ಅವನ ತಾಯಿ ಬಿಡಬೇಕಲ್ಲ, ಸಿಂದಗಿ ದವಾಖಾನೆಗೆ ಎಳೆದುಕೊಂಡು ಹೋಗಿ ಹುಚ್ಚುನಾಯಿಯ ಇಂಜೆಕ್ಷನ್ನು ಪೂರ್ತಿ ಮಾಡಿಸಿದಳು. ಆ ಸೂಜಿ ನೆನಪಾದರೆ ನನಗೆ ಇವತ್ತಿಗೂ ನಗು ಬರುತ್ತದೆ. ಆದರೆ ಅಷ್ಟಕ್ಕೆಲ್ಲ ನನ್ನ ಸಿಟ್ಟು ಇಳಿಯುವಂಥದ್ದಲ್ಲ.

ಅವತ್ತೇ ಸಂಜೆ ಗಂಡನಿಗೂ ಮಾವನಿಗೂ ಎಲ್ಲ ಹೇಳಿದೆ. ಗಂಡ ಧಡಕ್ಕನೆ ಎದ್ದು ನಿಂತ. ಆಮೇಲೆ, ಏನು ನೆನಪಾಯಿತೋ, ಕೂತುಬಿಟ್ಟ. ಮಾವ ಎಲೆ ಅಡಿಕೆ ಚೀಲ ಬಿಚ್ಚಿ, ಮತ್ತೆ ಕಟ್ಟಿ, "ಯವ್ವಾ, ಮನ್ಯಾನ ಮಾತು ಮನ್ಯಾಗ ಇರ್ಲಿ. ಹೊರಗ ಬಿದ್ರ ಮಾನ ಹೋಗ್ತೈತಿ" ಅಂದ.

"ಯಾರ ಮಾನ ಮಾಮಾ? ಕೈ ಹಾಕಿದಾಂವಂದೋ, ನಂದೋ?" ಎಂದು ಕೇಳಿದೆ.

ಗಂಡ ಮೆತ್ತಗೆ, "ಅಂವ ಮೊದ್ಲಿಂದ ಹಂಗ. ನಾ ಹೇಳ್ತೇನಿ ಬಿಡು ಅವಂಗ" ಅಂದ.

ಆ 'ಮೊದ್ಲಿಂದ' ಅನ್ನುವ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲಿನಿಂದ ಗೊತ್ತಿತ್ತೇ? ಹಾಗಾದರೆ ನನಗಿಂತ ಮೊದಲು ಯಾರು? ಕೇಳಿಯೇ ಕೇಳಿದೆ, ಗಂಡನ ಬಾಯಿಂದಲೇ ಹೊರಬಿತ್ತು. ಕಳೆ ಕೀಳಲು ಬರುತ್ತಿದ್ದ ಒಬ್ಬ ಹುಡುಗಿ ದಿಢೀರನೆ ಕೆಲಸ ಬಿಟ್ಟು ಕನ್ನೊಳ್ಳಿಯ ಅಕ್ಕನ ಮನೆ ಸೇರಿದ್ದಳು. ಆಗಲೂ ಈ ಮನೆಯ ಗಂಡಸರು ಮಾನದ ಲೆಕ್ಕ ಹಾಕಿ ಸುಮ್ಮನಿದ್ದರಂತೆ. ಮರುದಿನ ನೋಡುತ್ತೇನೆ, ನನ್ನ ಗಂಡ ಅದೇ ಮನುಷ್ಯನ ಜೊತೆ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾನೆ. ಬಸಿ ಎತ್ತಿ ಇಬ್ಬರ ಮುಖಕ್ಕೂ ಚೆಲ್ಲಬೇಕು ಅನ್ನಿಸಿತು.

ನನಗೆ ಸೇಡು ಬೇಕಿತ್ತು. ಅದೂ ನಾಲ್ಕು ಜನರ ಎದುರಿಗೆ, ಗಂಡಸರ ಬಾಯಿಂದಲೇ ಬೇಕಿತ್ತು.

ಎಳ್ಳಮವಾಸ್ಯೆಗೆ ನಮ್ಮ ಎರಡೂ ಮನೆಯವರು ಒಂದೇ ಹೊಲದಲ್ಲಿ ಉಣ್ಣುವುದು ಮೊದಲಿನಿಂದ ನಡೆದುಬಂದದ್ದು. ಉಣ್ಣುವುದಕ್ಕಿಂತ ಮುಂಚೆ ಭೂಮಿತಾಯಿಗೆ ಚರಗ ಚೆಲ್ಲಬೇಕು. ಮುಂದಿನವನು ಬುಟ್ಟಿಯ ಅಡುಗೆಯನ್ನು ಬೆಳೆಗೆ ಚೆಲ್ಲುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತಾನೆ. ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ "ಚಳ್ಳಂಬರಿಗ್ಯೋ" ಎಂದು ಓಗೊಡುತ್ತಾನೆ. ಹಿರಿಯನೆಂದು ಬುಟ್ಟಿ ಯಾವಾಗಲೂ ಆ ಭಾವನದು, ತಂಬಿಗೆ ನನ್ನ ಗಂಡನದು.

ಹಬ್ಬದ ಹಿಂದಿನ ದಿನ ಗಂಡನಿಗೆ ಹೇಳಿದೆ: "ಅಂವ ಕೂಗಿದಾಗ ನೀವು ಓ ಅನ್ನಬಾರ್ದು. ಅಂದ್ರಿ ಅಂದ್ರ ನಾ ಮಸೂತಿಗೆ ಹೋಗ್ತೇನಿ. ಮತ್ತ ಈ ಹೊಸ್ತಿಲಾ ತುಳ್ಯಾಂಗಿಲ್ಲ." ಮಸೂತಿ ನನ್ನ ತವರೂರು. ಸುಮ್ಮನೆ ಹೆದರಿಸಲು ಹೇಳಿದ್ದಲ್ಲ. ಉಡುವ ಅರಿವೆಗಳನ್ನು ಚೀಲದಲ್ಲಿ ತುಂಬಿಟ್ಟೇ ಹೊಲಕ್ಕೆ ಹೊರಟಿದ್ದೆ.

ಬನ್ನಿಗಿಡದ ಕೆಳಗೆ ಪೂಜೆ ಮುಗಿಯಿತು. ಸಜ್ಜಿರೊಟ್ಟಿ, ಭಜ್ಜಿಪಲ್ಯ, ಕಡುಬು ಎಲ್ಲ ಕಲಸಿದ ಬುಟ್ಟಿ ಎತ್ತಿಕೊಂಡು ಅವನು "ಹುಲ್ಲುಲ್ಲಿಗ್ಯೋ" ಎಂದ. ನನ್ನ ಗಂಡ ತುಟಿ ಬಿಚ್ಚಲಿಲ್ಲ. ಎರಡನೇ ಸಲ ಕೂಗಿದಾಗಲೂ ಬಿಚ್ಚಲಿಲ್ಲ. ಆದರೆ ಆ ಭಂಡ ತಿರುಗಿ ನೋಡಿ ನಕ್ಕ. "ಗಂಟಲ ಕಟ್ಟೈತೇನಲೇ ತಮ್ಮಾ?" ಅಂದವನೇ, ಕೂಗೂ ತನ್ನದು, ಓಗೊಡುವುದೂ ತನ್ನದು ಮಾಡಿಕೊಂಡು ಜೋಳದ ಸಾಲಿನಲ್ಲಿ ನಡೆದೇಬಿಟ್ಟ. ಉಳಿದವರೂ ನಕ್ಕರು.

ಆಗ ನನ್ನ ತಪ್ಪು ನನಗೆ ಹೊಳೆಯಿತು. ಕೇಳಬಾರದ್ದನ್ನೇ ಕೇಳಿದ್ದೆ. ನೆಟ್ಟಗೆ ಗಂಡನ ಎದುರು ಹೋಗಿ ನಿಂತೆ. "ಸುಮ್ಮನಿರೂದು ನಿಮಗೇನು ಹೊಸಾದಲ್ಲ. ಎರಡು ತಿಂಗಳಿಂದ ಅದನ್ನ ಮಾಡೀರಿ. ಬಾಯಿ ಬಿಡ್ರಿ ಈಗ!"

ಅವನು ತಂಬಿಗೆ ಕೆಳಗಿಟ್ಟ. ಮಾವನ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ಬಾಜೂ ಹೊಲದವರಿಗೂ ಕೇಳುವಂತೆ ಒದರಿದ: "ಅಣ್ಣಾ, ನಿಂದ್ರು! ನಿನ್ನ ಕೈ ಕಡದದ್ದು ನಾಯಿ ಅಲ್ಲ, ನನ್ನ ಹೇಣ್ತಿ. ಯಾಕ ಕಡದ್ಲು ಅಂತ ನೀ ಹೇಳ್ತೀಯೋ, ನಾ ಹೇಳ್ಲ್ಯೋ?"

ನಗುತ್ತಿದ್ದವರೆಲ್ಲ ಬುಟ್ಟಿ ಹಿಡಿದವನ ಕಡೆ ತಿರುಗಿದರು. ಅವನು "ಹಬ್ಬದ ದಿನಾ ಏನ ಮಾತಲೇ ಇದು..." ಎಂದು ತೊದಲಿದ. ಗಂಡ ಬಿಡಲಿಲ್ಲ. ತೊಗರಿ ಸಾಲಿನಲ್ಲಿ ನಡೆದದ್ದನ್ನು ಅಷ್ಟೂ ಹೇಳಿದ. ಅವನ ತಾಯಿ ಮಗನ ಕೈ ಹಿಡಿದು ಗಾಯದ ಕಲೆ ನೋಡಿದಳು, ನೋಡಿ ಕೈ ಬಿಟ್ಟಳು. ಮಾವ ಕೋಲೂರಿ ಎದ್ದ. "ಬುಟ್ಟಿ ಕೆಳಗಿಡು. ನಮ್ಮ ಭೂಮಿಗೆ ನಿನ್ನ ಕೈಲೆ ಚರಗ ಬ್ಯಾಡ." ಬುಟ್ಟಿ ಇಟ್ಟು ಅವನು ಒಡ್ಡಿನ ಮೇಲೆ ಹೊರಟುಹೋದ. ಅವನ ಬೆನ್ನು ಕಣ್ಣಿಗೆ ಮರೆಯಾಗುವ ತನಕ ನೋಡಿದೆ. ಅವತ್ತು ನಾನು ಉಂಡಷ್ಟು ಶೇಂಗಾ ಹೋಳಿಗೆ ಯಾವ ಹಬ್ಬದಲ್ಲೂ ಉಂಡಿಲ್ಲ.

ಮನೆಗೆ ಬಂದ ಮೇಲೆ ಗಂಡ, "ಈಗರೆ ಸಮಾಧಾನ ಆತಿಲ್ಲ?" ಎಂದು ಕೇಳಿದ.

"ಇಲ್ಲ. ಹೊಲದಾಗ ಅಂದದ್ದನ್ನ ನಾಳಿ ಠಾಣ್ಯಾಗ ಬರಸ್ರಿ."

ಅವನು ಏನೋ ಅನ್ನಲು ಹೋದ. ಅಷ್ಟರಲ್ಲಿ ಮಾವ, "ನಾನೂ ಬರ್ತೇನಿ. ಈಕಿ ಅವತ್ತ ಹೇಳಿದ್ಲು, ನಾನಽ ಬಾಯಿ ಮುಚ್ಚಿಸಿದ್ನಿ ಅಂತ ನಂದೂ ಬರಸೂಣು" ಅಂದ.

ಕೇಸು ಇನ್ನೂ ನಡೆಯುತ್ತಿದೆ. ರಾಜಿ ಮಾಡಿಸಲು ಇಂಡಿಯಿಂದ ಬೀಗರು ಬಂದುಹೋದರು. ಮುದ್ದೇಬಿಹಾಳದಿಂದ ಹಿರಿಯರೂ ಬಂದರು. ರಾಜಿ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಹಲ್ಲು ಕಡಿಯುವಷ್ಟು ಸಿಟ್ಟು. ಅವನು ಜೈಲಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕು, ಅಷ್ಟೇ. ಕ್ಷಮೆ ಗಿಮೆ ನನ್ನ ಹತ್ತಿರ ಇಲ್ಲ.

ಹೋದ ವಾರ ಬಂದವರೊಬ್ಬರು ಪಡಸಾಲೆಯಲ್ಲಿ ಕೂತು, "ಹೆಣಮಗಳು, ಸಿಟ್ಟಿನ್ಯಾಗ ಅದಾಳ. ನೀವರೆ ತಿಳಿಸಿ ಹೇಳ್ರಿ" ಅಂದರು.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಎದ್ದು ಹೋಗಬೇಕೆಂದು ಹಿಟ್ಟಿನ ಕೈ ಝಾಡಿಸಿದೆ. ಅಷ್ಟರಲ್ಲಿ ಗಂಡನ ದನಿ ಕೇಳಿತು: "ಸಿಟ್ಟು ಆಕೀದಷ್ಟ ಅಲ್ರೀ, ನಂದೂ ಐತಿ. ಚಹಾ ಕುಡದ ಹೊಂಡ್ರಿ."

ನಾನು ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡೆ.