ಮಾವನವರ ಗಂಟಲು

ದಿನಾ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಜಗಳ ಶುರುವಾಗುತ್ತಿತ್ತು. ಎಪ್ಪತ್ತರ ದಶಕದ ಮಾತು. ಬೆಳಗಾವಿಯ ಶಿವಬಸವ ನಗರದಿಂದ ಖಾನಾಪುರಕ್ಕೆ ಹೊಸ ಸೊಸೆಯಾಗಿ ಬಂದಿದ್ದ ನಾನು ಮೊದಲ ದಿನ ಹೆದರಿ ಹೊರಗೆ ಓಡಿ ಬಂದೆ. ಕಟ್ಟೆಯ ಈ ತುದಿಗೆ ನನ್ನ ಮಾವ, ಕನ್ನಡ ಶಾಲೆಯ ನಿವೃತ್ತ ಮಾಸ್ತರರು. ಆ ತುದಿಗೆ ಎದುರು ಮನೆಯ ಕಾಕಾ, ಹಂಚಿನ ಕಾರ್ಖಾನೆಯಲ್ಲಿ ಆಳುಗಳ ಮೇಲೆ ಮುಕಾದಮರಾಗಿದ್ದ ಮರಾಠಿ ಮನುಷ್ಯ. ಇಬ್ಬರ ಮುಖವೂ ಕೆಂಪಗಾಗಿತ್ತು. ಅತ್ತೆ ಒಳಗಿಂದಲೇ ಕೂಗಿದರು, “ಏನೂ ಆಗೂದಿಲ್ಲ, ಒಳಗ ಬಾ. ಚಾ ಉಕ್ಕಾಕತ್ತೈತಿ, ನೋಡು.”

ಆಮೇಲೆ ಗಮನಿಸಿದೆ: ಮಾವ ಬೈಯುತ್ತಿದ್ದುದು ಮರಾಠಿಯಲ್ಲಿ, ಕಾಕಾ ಬೈಯುತ್ತಿದ್ದುದು ಕನ್ನಡದಲ್ಲಿ. ಗಡಿಯ ತಂಟೆ ಊರಲ್ಲಿ ಬಿಸಿಯಾಗಿದ್ದ ಕಾಲದಲ್ಲಿ ಇಬ್ಬರೂ ಕೂಡಿ ಮಾಡಿಕೊಂಡ ಕರಾರು ಅದು. ಜಗಳ ಆಡುವುದಾದರೆ ಎದುರಿನವನ ಭಾಷೆಯಲ್ಲೇ ಆಡಬೇಕು. ಕಲಿತ ಭಾಷೆಯಲ್ಲಿ ಬೈಗುಳ ಹುಡುಕುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಮಾವನ ಕೊನೆಯ ಅಸ್ತ್ರ “ತುಮ್ಹಾಲಾ ಕಾಯ್ ಕಳತಂಯ್?” ಕಾಕಾನ ಕೊನೆಯ ಅಸ್ತ್ರವೂ ಅದೇ, ಕನ್ನಡದಲ್ಲಿ: “ನಿಮಗೇನ್ ತಿಳಿತೈತ್ರಿ, ಮಾಸ್ತರ?” ಅಲ್ಲಿಗೆ ಚಹಾ ಬರಬೇಕು. ಅದು ನನ್ನ ಪಾಲಿನ ಕೆಲಸ.

ಅವರಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಕುಕ್ಕರಿನ ಅನ್ನ ತಿಂದರೆ ಮೊಣಕಾಲು ಹಿಡಿಯುತ್ತದೆ ಎಂದು ಕಾಕಾ. ಗ್ಯಾಸಿನ ಒಲೆಯ ರೊಟ್ಟಿಯಿಂದ ಹೊಟ್ಟೆಯಲ್ಲಿ ಗ್ಯಾಸ್ ಆಗುತ್ತದೆ ಎಂದು ಮಾವ. ಚಂದ್ರನ ಮೇಲೆ ಮನುಷ್ಯರು ಕಾಲಿಟ್ಟದ್ದರಿಂದಲೇ ಜಾಂಬೋಟಿ ಕಾಡಿನ ಮಳೆ ಹಿಂದೆಮುಂದಾಗಿದೆ ಎಂಬುದರಲ್ಲಿ ಮಾತ್ರ ಇಬ್ಬರದೂ ಒಮ್ಮತ. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ ಎಂದು ಒಬ್ಬರು, ಚುಚ್ಚುವವನು ಕಳ್ಳ ಎಂದು ಇನ್ನೊಬ್ಬರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ದನಿ ತುಸು ತಗ್ಗಿತು. “ಸಾವಕಾಶ ಮಾತಾಡ್ರಿ, ಮಾಸ್ತರ. ಹಿಂಡಲಗಾ ಜೈಲಿನ ಚಾ ನಿಮಗ ಸೇರೂದಿಲ್ಲ,” ಎಂದು ಕಾಕಾ ಪಿಸುಗುಟ್ಟುತ್ತಿದ್ದರು. ಗ್ಯಾಸಿನ ಒಲೆಯ ಮುಂದೆ ನಿಲ್ಲಬೇಕಾದವಳು ನಾನು, ಕುಕ್ಕರಿನ ಸೀಟಿ ಎಣಿಸುವವಳೂ ನಾನೇ. ನಿನಗೇನು ಅನ್ನಿಸುತ್ತದೆ ಎಂದು ಒಬ್ಬರಾದರೂ ಕೇಳಬೇಕಲ್ಲ! ಕೇಳಲಿಲ್ಲ. ಸಿಟ್ಟು ಬಂದ ದಿನ ಚಹಾಕ್ಕೆ ಸಕ್ಕರೆ ಕಡಿಮೆ ಹಾಕುತ್ತಿದ್ದೆ. ಅದರ ಬಗ್ಗೆಯೂ ಅವರು ಸಕ್ಕರೆ ಕಾರ್ಖಾನೆಗಳ ರಾಜಕೀಯ ಮಾತಾಡಿದರೇ ಹೊರತು ನನ್ನ ಕಡೆ ನೋಡಲಿಲ್ಲ.

ಎಂಬತ್ತರ ನಂತರ ಒಂದು ಮಳೆಗಾಲದಲ್ಲಿ ಮಾವನ ದನಿ ಒಡೆಯಿತು. ಮೊದಲು ನೆಗಡಿ ಎಂದರು. ದಸರೆ ಬಂತು, ದನಿ ಬರಲಿಲ್ಲ. ಇಡೀ ಓಣಿ ಮದ್ದು ಹೇಳಿತು: ಜ್ಯೇಷ್ಠಮಧು, ಅರಿಶಿನದ ಹಾಲು, ಉಪ್ಪುನೀರು. ಅಷ್ಟಕ್ಕೇ ಮುಗಿಯಲಿಲ್ಲ. ಪೇಟೆಯಲ್ಲಿ ಹೊಸ ಸುದ್ದಿ ಹುಟ್ಟಿತು. ಮಾಸ್ತರರು ಇಷ್ಟು ವರ್ಷ ಮರಾಠಿಯಲ್ಲಿ ಒದರಿ ಒದರಿ ಗಂಟಲು ಕೆಡಿಸಿಕೊಂಡರು, ಹುಟ್ಟುಭಾಷೆಯಲ್ಲಿ ಒದರಿದ್ದರೆ ಹೀಗಾಗುತ್ತಿರಲಿಲ್ಲ ಎಂದು. ನಗಬೇಕೋ ಅಳಬೇಕೋ! ಕಾಕಾ ಅದನ್ನು ನಂಬಿಬಿಟ್ಟರು. ಮುಖ ಸಣ್ಣ ಮಾಡಿಕೊಂಡು ಬಂದು, “ಇವತ್ತಿಂದ ನೀವು ಕನ್ನಡದಾಗ ಮಾತಾಡ್ರಿ, ಮಾಸ್ತರ. ನಾ ಮರಾಠಿ ಮಾತಾಡ್ತೀನಿ. ಕರಾರು ಸಾಕು,” ಎಂದರು.

ಆ ಹದಿನೈದು ದಿನ ಕಟ್ಟೆ ಹಾಳಾಯಿತು. ತಮ್ಮ ತಮ್ಮ ಭಾಷೆಯಲ್ಲಿ ಇಬ್ಬರಿಗೂ ಬೈಗುಳ ಸರಾಗ ಬರುತ್ತಿತ್ತು. ಒಂದು ದಿನ ಗಡಿಯ ಮಾತು ಬಂದು, ಒಡಕು ದನಿಯಲ್ಲೇ ಮಾವ ಅನ್ನಬಾರದ್ದನ್ನು ಅಂದರು. ಕಾಕಾ ಚಹಾ ಮುಟ್ಟದೆ ಎದ್ದು ಹೋದರು. ಮೂರು ದಿನ ಎದುರು ಮನೆಯ ಬಾಗಿಲು ಇತ್ತ ತೆರೆಯಲಿಲ್ಲ. ದನಿಯಂತೂ ಇನ್ನಷ್ಟು ಕೆಟ್ಟಿತು. ನನಗೆ ರೇಗಿಹೋಯಿತು. “ಓಣಿಯವರ ಮದ್ದು ಸಾಕ್ರಿ. ನಾಳೆ ಬೆಳಗಾವಿಗೆ ಹೋಗೂಣು,” ಎಂದು ಮಾವನನ್ನು ಬೆಳಗಿನ ರೈಲಿಗೆ ಹತ್ತಿಸಿದೆ. ಗಂಡ ದೂರದಲ್ಲಿ ನೌಕರಿಯಲ್ಲಿದ್ದರು, ಅತ್ತೆ ದವಾಖಾನೆಯ ಮೆಟ್ಟಿಲು ಹತ್ತುವವರಲ್ಲ. ಹೊರಡುವಾಗ ಕಾಕಾ ತಾವಾಗಿಯೇ ಬಂದು, ನಮ್ಮ ಚೀಲ ಹಿಡಿದುಕೊಂಡು ಜೊತೆಗೇ ರೈಲು ಹತ್ತಿದರು.

ಡಾಕ್ಟರು ಸಣ್ಣ ವಯಸ್ಸಿನವರು, ಸುತ್ತಿ ಬಳಸಿ ಮಾತಾಡಲಿಲ್ಲ. ಗಂಟಲಲ್ಲಿ ಗಂಟು ಇದೆ, ಅದು ಕ್ಯಾನ್ಸರು. ಧ್ವನಿಪೆಟ್ಟಿಗೆ ತೆಗೆದರೆ ಮನುಷ್ಯ ಉಳಿಯುತ್ತಾರೆ, ಮಾತು ಉಳಿಯುವುದಿಲ್ಲ. ಮಾವ ಗೋಡೆ ನೋಡುತ್ತ, ಆ ಒಡಕು ದನಿಯಲ್ಲಿ ನನಗೆ ಹೇಳಿದರು, “ಮಾತಿಲ್ಲದ ನಾ ಏನ್ ಮಾಡ್ಲಿ? ಕಟ್ಟಿ ಮ್ಯಾಲ ಸುಮ್ಮನ ಕುಂದರಾಕ ಬದುಕಬೇಕೇನು? ಬ್ಯಾಡ, ಮನೀಗೆ ನಡಿ.” ಕಾಕಾ ಎದ್ದು ಮಾವನ ಮುಂದೆ ನಿಂತರು. “ಅಭಿಪ್ರಾಯ ಹೇಳಾಕ ಬಾಯಿನ ಬೇಕಂತ ಎಲ್ಲೈತ್ರಿ? ನೀವು ಉಳೀರಿ. ಜಗಳ ಹೆಂಗ ಆಡೂದಂತ ಆಮ್ಯಾಲ ನೋಡೂಣು,” ಎಂದರು. ಸಿಟ್ಟಿನ ಮಾತನ್ನು ಅವರು ಮತ್ತೆ ಕನ್ನಡದಲ್ಲಿ ಆಡಿದ್ದನ್ನು ಮಾವ ಗಮನಿಸಿದರು. ಹೂಂ ಎಂದರು.

ಮಾವ ಬದುಕಿ ಬಂದರು. ಕತ್ತಿನ ಮುಂದೆ ತೂತು, ಅದರ ಮೇಲೊಂದು ತೆಳು ಬಿಳಿ ಬಟ್ಟೆ. ಕೈಯಲ್ಲಿ ಶಾಲೆಯ ಕಾಲದ ಪಾಟಿ ಮತ್ತು ಬಳಪ. ಸಂಜೆ ಮತ್ತೆ ಕಟ್ಟೆಗೆ ಬಂದು ಕುಳಿತರು, ಕಾಕಾನೂ ಬಂದರು. ಮಾವ ಪಾಟಿಯ ಮೇಲೆ ಏನೋ ಬರೆದು ತೋರಿಸಿದರು. ಕಾಕಾ ಕಣ್ಣು ಕಿರಿದು ಮಾಡಿ ನೋಡಿ, “ಹೌದ್ರಿ, ಮಾಸ್ತರ,” ಎಂದರು. ಮರುದಿನವೂ ಹೌದ್ರಿ. ಟಿವಿ ಬಂದ ಮೇಲೆ ಮಕ್ಕಳು ಕೆಟ್ಟರು ಎಂದು ಬರೆದರೂ ಹೌದ್ರಿ, ಟಿವಿ ಬಂದದ್ದು ಚಲೋ ಆಯಿತು ಎಂದು ಬರೆದರೂ ಹೌದ್ರಿ. ಚಹಾ ಕೊಡಲು ಹೋದ ನಾನು ಅದನ್ನೆಲ್ಲ ನೋಡುತ್ತಿದ್ದೆ. ಒಂದು ವಾರದ ಮೇಲೆ ಮಾವ ಕಟ್ಟೆಗೆ ಹೋಗುವುದನ್ನೇ ಬಿಟ್ಟರು. ಅನ್ನವೂ ಕಡಿಮೆಯಾಯಿತು. ಯಾಕೆ ಎಂದು ಕೇಳಿದೆ. ಪಾಟಿ ತೆಗೆದುಕೊಂಡು ಕನ್ನಡದಲ್ಲಿ ಬರೆದರು: “ಅವನು ನನ್ನನ್ನು ಸತ್ತವನ ಲೆಕ್ಕಕ್ಕೆ ಹಾಕಿದ್ದಾನೆ.”

ನನಗೆ ಎಲ್ಲಿತ್ತೋ ಸಿಟ್ಟು. ಸೆರಗು ಸಿಕ್ಕಿಸಿ ನೆಟ್ಟಗೆ ಎದುರು ಮನೆಗೆ ಹೋದೆ. “ಕಾಕಾ, ನೀವು ಹೌದ್ರಿ ಅನ್ನೂದಾದ್ರ ನಮ್ಮ ಕಟ್ಟಿಗೆ ಬರಬ್ಯಾಡ್ರಿ. ಹೌದ್ರಿ ಅನ್ನಾಕ ಮನ್ಯಾಗ ನಾವೆಲ್ಲಾ ಇದ್ದೇವಿ,” ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. “ನಾ ಒದರೂದು, ಅವರು ಬರಿಯೂದು. ಅದೆಂಥಾ ಜಗಳವಾ? ನನಗ ಕೆಟ್ಟ ಅನಸ್ತೈತಿ,” ಎಂದರು. ಕಣ್ಣು ತುಂಬಿತ್ತು. “ಅವರಿಗೆ ಅದಕ್ಕಿಂತ ಕೆಟ್ಟ ಅನಸಾಕತ್ತೈತಿ,” ಎಂದು ಹೇಳಿ ಬಂದೆ.

ಮರುದಿನ ಸಂಜೆ ಮಾವನನ್ನು ಕೈಹಿಡಿದು ಕಟ್ಟೆಗೆ ತಂದು ಕೂರಿಸಿದೆ. ಕಾಕಾ ಬಂದರು, ಕೆಮ್ಮಿದರು, ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಶುರುಮಾಡಿದರು. “ಕನ್ನಡ ಸಾಲಿ ಮಾಸ್ತರಗೋಳಿಂದನ ಈ ದೇಶ ಹಾಳಾತು ನೋಡ್ರಿ! ಒಬ್ಬರಿಗೂ ಲೆಕ್ಕ ಬರೂದಿಲ್ಲ!” ಮಾವನ ಬೆನ್ನು ನೆಟ್ಟಗಾಯಿತು. ಬಳಪ ಪಾಟಿಯ ಮೇಲೆ ಕಿರ್ರೆಂದು ಓಡಿತು, ತುದಿ ಮುರಿಯಿತು, ಉಳಿದ ತುಂಡಿನಲ್ಲೇ ಬರೆದು ಪಾಟಿಯನ್ನು ಕಾಕಾನ ಮೂಗಿನ ಮುಂದೆ ಹಿಡಿದರು. ಕಾಕಾ ಅಂಗಿಯ ಕಿಸೆ ತಡವಿಕೊಂಡರು. ಓದುವ ಕನ್ನಡಕ, ಆ ಚಾಳೀಸನ್ನು, ಎಂದಿನಂತೆ ಮನೆಯಲ್ಲೇ ಬಿಟ್ಟು ಬಂದಿದ್ದರು. ಅಷ್ಟೂ ದಿನ ಅವರು ಒಂದಕ್ಷರವನ್ನೂ ಓದದೆ ಹೌದ್ರಿ ಎಂದಿದ್ದರು ಎಂಬುದು ನನಗೆ ಆಗ ತಿಳಿಯಿತು. “ಏನ್ ಬರದಾರವಾ? ಓದು,” ಎಂದರು.

ಪಾಟಿಯ ತುಂಬ ಮರಾಠಿ, ಬೆಳಗಾವಿಯಲ್ಲಿ ಬೆಳೆದ ನನಗೆ ಓದಲು ಬರುವಂಥದ್ದೇ; ಕೊನೆಗೆ ಮಾವನ ಆ ಹಳೆಯ ಅಸ್ತ್ರ. ನಾನು ಚಹಾದ ತಟ್ಟೆಯನ್ನು ಕೆಳಗಿಟ್ಟೆ. ಅದುವರೆಗೆ ಆ ಕಟ್ಟೆಯ ಮೇಲೆ ನನ್ನ ದನಿ ಏರಿದ್ದಿಲ್ಲ. ಮಾವ ಹೇಗೆ ಒದರುತ್ತಿದ್ದರೋ ಹಾಗೆಯೇ, ಕೈ ಎತ್ತಿ ಒದರಿದೆ, “ತುಮ್ಹಾಲಾ ಕಾಯ್ ಕಳತಂಯ್?”

ಹಾದಿಯಲ್ಲಿ ಹೋಗುತ್ತಿದ್ದವರು ನಿಂತರು. “ನಿಮಗೇನ್ ತಿಳಿತೈತ್ರಿ, ಮಾಸ್ತರ?” ಎಂದು ಕಾಕಾ ತಿರುಗಿ ಕೂಗಿದರು. ಮಾವ ನಕ್ಕರು. ಸದ್ದಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು.

ಅಂದಿನಿಂದ ಪಾಟಿ ಓದುವ ಕೆಲಸ ನನ್ನದಾಯಿತು, ಚಹಾ ಅತ್ತೆಯದು. ಮಾವ ಬರೆಯುತ್ತಿದ್ದರು, ನಾನು ಒದರುತ್ತಿದ್ದೆ. ಒಂದು ಸಂಜೆ ಕಾಕಾ ಗ್ಯಾಸಿನ ಒಲೆಯನ್ನು ಬೈಯತೊಡಗಿದಾಗ ಮಾವನೂ ಒಲೆಯ ವಿರುದ್ಧವೇ ಇನ್ನೂ ಎರಡು ಸಾಲು ಬರೆದು ನನಗೆ ಕೊಟ್ಟರು. ನಾನು ಪಾಟಿ ನೋಡುತ್ತ, ಅದರಲ್ಲಿಲ್ಲದ್ದನ್ನು ಓದಿದೆ: ಕಟ್ಟಿಗೆಯ ಒಲೆಯ ಹೊಗೆಯಲ್ಲಿ ಒಂದು ದಿನ ನಿಂತು ನೋಡಿರಿ, ಆಮೇಲೆ ಅಭಿಪ್ರಾಯ ಹೇಳಿರಿ. ಮಾವ ನನ್ನ ಮುಖವನ್ನೇ ನೋಡಿದರು. ಆಮೇಲೆ ಪಾಟಿಯನ್ನು ಮರಳಿ ತೆಗೆದುಕೊಂಡು, ತಾವು ಬರೆದ ಎರಡು ಸಾಲನ್ನು ಅಂಗೈಯಿಂದ ಒರೆಸಿ, ಖಾಲಿ ಪಾಟಿಯನ್ನು ನನ್ನ ಕೈಗೆ ಕೊಟ್ಟರು.