ಕೇಕಿನ ತೂಕ ಕೇಳಿದ ಚಿಕ್ಕಮುನಿಯಮ್ಮ

ರಾಮಮೂರ್ತಿ ನಗರದ ಬೇಕರಿಯೊಂದರಲ್ಲಿ ಹದಿನೆಂಟು ವರ್ಷದಿಂದ ಕೇಕು ಕತ್ತರಿಸುತ್ತಿದ್ದ ಚಿಕ್ಕಮುನಿಯಮ್ಮನಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಏಳನೇ ತರಗತಿ ಪಾಸು ಮಾಡುವ ಹಟ ಹುಟ್ಟಿತು. ಅಮ್ಮ ಹಾಸಿಗೆ ಹಿಡಿದಾಗ ಐದನೆಯದಕ್ಕೇ ಶಾಲೆ ಬಿಟ್ಟವಳು. ಸಂಜೆ ಶಾಲೆ ಸೇರಿದ ಮೇಲೆ ಕನ್ನಡ ಸಲೀಸಾಯಿತು. ಭಿನ್ನರಾಶಿ ಮಾತ್ರ ತಲೆ ತಿಂದಿತು. ನಾಲ್ಕರಲ್ಲಿ ಎರಡು, ಎಂಟರಲ್ಲಿ ನಾಲ್ಕು, ಎರಡೂ ಒಂದೇ ಹೇಗಾಗುತ್ತದೆ? ಹದಿನೈದು ದಿನ ಕೇಕಿನ ಡಬ್ಬದ ರಟ್ಟು ಕತ್ತರಿಸಿ, ಒಂದರ ಮೇಲೊಂದು ಇಟ್ಟು ನೋಡಿದಳು. ಕೊನೆಗೆ ಗಂಡ ಸಂಜೀವಪ್ಪನ ಮುಂದೆ ತುಂಡುಗಳನ್ನು ಹರಡಿ, "ನೋಡ್ರೀ, ಎರಡೂ ಅರ್ಧಾನೇ" ಅಂದಳು.

ಆ ವಾರವೇ ಆಯ್ಕೆ ಪರೀಕ್ಷೆ. ಇಪ್ಪತ್ತಕ್ಕೆ ಹತ್ತು ಬಂದರೆ ದೊಡ್ಡ ಪರೀಕ್ಷೆಗೆ ಹೆಸರು ಹೋಗುತ್ತಿತ್ತು. ಅವಳಿಗೆ ಬಂದದ್ದು ಒಂಬತ್ತು.

ಒಂದು ಪ್ರಶ್ನೆ ಹೀಗಿತ್ತು: ಸೂರ್ಯ ತನ್ನ ಕೇಕಿನ 2/4 ಭಾಗ ತಿಂದನು, ಪ್ರಿಯಾ ತನ್ನ ಕೇಕಿನ 4/8 ಭಾಗ ತಿಂದಳು. ಯಾರು ಹೆಚ್ಚು ತಿಂದರು? ಅವಳು ಬರೆದಿದ್ದಳು: "ಇಬ್ಬರೂ ಅರ್ಧ ತಿಂದರು. ಯಾರ ಕೇಕು ಎಷ್ಟು ತೂಕ ಎಂದು ಹೇಳಿಲ್ಲ." ಪಕ್ಕದಲ್ಲಿ ಕೆಂಪು ಸೊನ್ನೆ.

"ಇದ್ರಲ್ಲಿ ತಪ್ಪೇನಿದೆ ಮೇಷ್ಟ್ರೇ?"

ಪಾಠ ಹೇಳುವ ನಚಿಕೇತನಿಗೆ ಅವಳ ಅರ್ಧ ವಯಸ್ಸು. "ಇಬ್ಬರೂ ಸಮ ಅಂತ ಬರೀಬೇಕಿತ್ತಮ್ಮ."

"ಒಬ್ಬರದು ಅರ್ಧ ಕೆಜಿ, ಇನ್ನೊಬ್ಬರದು ಒಂದು ಕೆಜಿ ಇದ್ರೆ?"

"ಪರೀಕ್ಷೇಲಿ ಅಷ್ಟೆಲ್ಲ ಯೋಚನೆ ಮಾಡ್ಬಾರ್ದು."

ಆ ಮಾತು ಅವಳ ಮೈ ಉರಿಸಿತು. ಮರುದಿನ ಎರಡು ಡಬ್ಬ ತಂದು ಮೇಜಿನ ಮೇಲೆ ತೆರೆದಳು. ಅರ್ಧ ಕೆಜಿ ಕೇಕಿನ ಅರ್ಧ, ಒಂದು ಕೆಜಿ ಕೇಕಿನ ಅರ್ಧ. ಒಂದು ಇನ್ನೊಂದರ ಎರಡರಷ್ಟಿತ್ತು.

ನಚಿಕೇತ ಎರಡೂ ತುಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. "ನೀವು ಹೇಳೋದೇ ಸರಿ. ಪ್ರಶ್ನೇನೇ ಸರಿಯಿಲ್ಲ. ಆದ್ರೆ ಪಾಸಾದವರ ಪಟ್ಟಿ ನಿನ್ನೇನೇ ಕಳ್ಸಿಬಿಟ್ಟೆ." ಅವಳೆದುರೇ ಮೇಲಿನವರಿಗೆ ಫೋನು ಮಾಡಿದ. ಕಳಿಸಿದ ಪಟ್ಟಿ ತಿದ್ದುವುದಿಲ್ಲ, ಆರು ತಿಂಗಳ ನಂತರ ಬರೆಯಲಿ ಎಂದರು.

"ಸರೀನೂ ಅಂತೀರ, ಸೊನ್ನೇನೂ ತೆಗಿಯಲ್ಲ ಅಂತೀರ" ಎಂದು ಡಬ್ಬ ಮುಚ್ಚಿ ಹೊರಟಳು.

ಮನೆಯಲ್ಲಿ ಸಂಜೀವಪ್ಪ ಸಮಾಧಾನ ಮಾಡಲು ಹೋದ. "ಬಿಟ್ಬಿಡು, ಈ ವಯಸ್ಸಲ್ಲಿ ಯಾಕೆ ಬೇಕು?"

"ಬಿಡೋಕೆ ನಾನೇನು ತಪ್ಪು ಬರ್ದಿದೀನಾ?"

ಸೋಮವಾರ ಸಂಜೆ ಅವಳು ಶಾಲೆಗೆ ಹೋಗಿ ಮುಂದಿನ ಬೆಂಚಿನಲ್ಲೇ ಕೂತಳು. ಸಿಟ್ಟು ಇಳಿದಿರಲಿಲ್ಲ. ನಚಿಕೇತ ಅವಳ ಮುಖ ನೋಡದೆ ದಶಮಾಂಶದ ಪಾಠ ಶುರು ಮಾಡಿದ.