ಎಣಿಸಿಟ್ಟ ಚೆರ್ರಿ ಬೀಜ

ಜುಲೈ ಬಂತೆಂದರೆ ನಮ್ಮ ಪಕ್ಕದ ಮನೆ ಆಂಟಿಯ ಬೆರಳ ತುದಿಗಳು ಮದರಂಗಿ ಹಚ್ಚಿದಂತೆ ಕೆಂಪಾಗಿರುತ್ತಿದ್ದವು. ಬಲಗೈಯಲ್ಲಿ ಒಂದು ಹೇರ್‌ಪಿನ್. ಮಿಶಿಗನ್‌ನ ಹುಳಿ ಚೆರ್ರಿಗೆ ತೊಟ್ಟಿನ ಕಡೆಯಿಂದ ಅದರ ಬಾಗಿದ ತುದಿ ತೂರಿಸಿ ಮೀಟಿದರೆ ಸಾಕು, ಬೀಜ ಟಣ್ಣನೆ ಸ್ಟೀಲ್ ತಟ್ಟೆಗೆ ಬೀಳುತ್ತಿತ್ತು. ಆ ಪಿನ್ನನ್ನು ತಲೆಗೆ ಮುಟ್ಟಿಸುವಂತಿರಲಿಲ್ಲ. ಅಡುಗೆಮನೆಯಲ್ಲಿ ಅದಕ್ಕೇ ಒಂದು ಮೊಳೆ ಇತ್ತು.

ಆಂಟಿ ಧಾರವಾಡದವರು. ಡಾಕ್ಟರ್ ಗಂಡನ ಜೊತೆ ಶಿಕಾಗೋಗೆ ಬಂದು ಇಲ್ಲೇ ಮುಪ್ಪಾದವರು. ಅಂಕಲ್ ತೀರಿಕೊಂಡ ಮೇಲೆ ವೆಸ್ಟ್‌ಮಂಟ್‌ನ ಟೌನ್‌ಹೋಮಿನಲ್ಲಿ ಒಬ್ಬರೇ ಇದ್ದರು. ನಾನು ಮೈಸೂರಿನವಳು, ಹುಟ್ಟಾ ಪುಕ್ಕಲಿ. ಒಲೆ ಆರಿಸಿದೆನೋ ಇಲ್ಲವೋ ಎಂದು ಹೈವೇ ಎಕ್ಸಿಟ್‌ವರೆಗೆ ಹೋದ ಕಾರನ್ನು ವಾಪಸು ತಿರುಗಿಸಿದವಳು. "ಚಿಂತೆಗೆ ಗ್ರೀನ್ ಕಾರ್ಡ್ ಕೊಟ್ಬಿಟ್ಟಿದೀಯ ಕಣೇ, ನಮಗೇ ಇನ್ನೂ ಬಂದಿಲ್ಲ" ಎಂದು ಗಂಡ ರೇಗಿಸುತ್ತಾನೆ.

ಇಷ್ಟು ಹೆದರುವವಳು ಹೆದರಬೇಕಾದ ದಿನ ಹೆದರಲಿಲ್ಲ. ಮಗಳಿಗೆ ಆಗ ಎರಡು ವರ್ಷ. ಐಸ್‌ಕ್ರೀಮ್ ಮೇಲೆ ಸುರಿಯಲು ಚೆರ್ರಿ ಸಾಸ್ ಮಾಡಿದ್ದೆ. ಬೀಜವೆಲ್ಲ ತೆಗೆದಿದ್ದೇನೆಂದೇ ನಂಬಿದ್ದೆ. ಮೂರನೇ ಚಮಚಕ್ಕೆ ಮಗುವಿನ ಉಸಿರು ಕಟ್ಟಿತು. ಕೆಮ್ಮಿಲ್ಲ, ಅಳುವಿಲ್ಲ, ತುಟಿ ನೀಲಿಗಟ್ಟುತ್ತಿದೆ. ನಾನು ಕಿರುಚಿದ್ದಷ್ಟೇ ನೆನಪು. ಡಬ್ಬಿ ವಾಪಸು ಕೊಡಲು ಬಂದಿದ್ದ ಆಂಟಿ ಅದನ್ನು ಬಾಗಿಲಲ್ಲೇ ಬಿಸುಟು ಓಡಿಬಂದು, ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ಅಂಗೈಯಿಂದ ಬೆನ್ನಿಗೆ ಗುದ್ದಿದರು. ನಾಲ್ಕನೇ ಏಟಿಗೆ ಬೀಜ ನೆಲಕ್ಕೆ ಬಿತ್ತು.

"ನೀ ಯಾಕ ಅಳ್ತೀ ತಂಗಿ? ಕೂಸು ಅಳ್ಲಿಕತ್ತದ, ಅಂದ್ರ ಉಸಿರಾಡ್ಲಿಕತ್ತದ" ಎಂದರು. ಮಗುವನ್ನು ನನ್ನ ಮಡಿಲಿಗೆ ಹಾಕಿ ಕೇಳಿದರು, "ಎಷ್ಟು ಹಣ್ಣು ಹಾಕಿದ್ದಿ?"

"ಎರಡು ಕಪ್ ಆಂಟಿ."

"ಕಪ್ ಅಲ್ಲ ತಂಗಿ. ಎಷ್ಟು ಹಣ್ಣು?"

ನಾನು ಎಣಿಸಿಯೇ ಇರಲಿಲ್ಲ. ಮರುದಿನವೇ ತಮ್ಮ ಮನೆಗೆ ಕರೆದು ಕಲಿಸಿದರು. ಮೊದಲು ನೂರು ಹಣ್ಣು ಎಣಿಸಬೇಕು. ತೆಗೆದ ಬೀಜಗಳನ್ನು ತಟ್ಟೆಯಲ್ಲಿ ಹತ್ತತ್ತರ ಸಾಲು ಜೋಡಿಸಬೇಕು. ಹತ್ತು ಸಾಲು ತುಂಬುವವರೆಗೆ ಒಲೆ ಹಚ್ಚುವಂತಿಲ್ಲ. ಆಮೇಲೆ ಸಕ್ಕರೆ, ನಿಂಬೆರಸ, ಒಂದು ಚಿಟಿಕೆ ಉಪ್ಪು, ತಣ್ಣೀರಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರ್. ಫ್ರೀಜರಿನಲ್ಲಿಟ್ಟ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಗೆರೆ ಎಳೆದಾಗ ಗೆರೆ ಕೂಡಿಕೊಳ್ಳದಿದ್ದರೆ ಸಾಸ್ ಆಯಿತು. "ಎಣಿಕಿ ನಂಬು, ಕೈ ನಂಬಬ್ಯಾಡ" ಎನ್ನುವುದು ಅವರ ಮಾತು. ನನ್ನಂಥವಳಿಗೆ ಅದೊಂದು ದೊಡ್ಡ ಸಮಾಧಾನ. ನನ್ನ ಭಯಕ್ಕೊಂದು ಕೆಲಸ ಕೊಟ್ಟಿದ್ದರು ಪುಣ್ಯಾತ್ಗಿತ್ತಿ.

ಅಲ್ಲಿಂದ ಪ್ರತಿ ಬೇಸಿಗೆಯಲ್ಲೂ ಅವರ ಅಡುಗೆಮನೆಯಲ್ಲಿ ಎಣಿಕೆ ನಡೆಯಿತು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಕನ್ನಡದಲ್ಲಿ ನೂರರವರೆಗೆ ಎಣಿಸಲು ಕಲಿತದ್ದು ಆ ಬೀಜಗಳಿಂದಲೇ.

ಅವಳ ಎಂಟನೇ ಹುಟ್ಟುಹಬ್ಬದ ದಿನ ನಮ್ಮ ಹಿತ್ತಲಲ್ಲಿ ಹನ್ನೆರಡು ಮಕ್ಕಳು ಐಸ್‌ಕ್ರೀಮಿಗೆ ಕಾಯುತ್ತಿದ್ದರು. ಹಣ್ಣು ಎಣಿಸಿದವರು ಆಂಟಿ, ಬೀಜ ತೆಗೆದವರೂ ಅವರೇ. ಹೊತ್ತಾಯಿತೆಂದು, ಸಾಲು ಜೋಡಿಸುವ ಮೊದಲೇ ನಾನು ಹಣ್ಣನ್ನು ಒಲೆಗೇರಿಸಿಬಿಟ್ಟೆ. ಸಾಸ್ ಕುದಿಯುವಾಗ ಹಿಂದಿನಿಂದ ಆಂಟಿಯ ದನಿ: "ತಂಗಿ, ಒಂಬತ್ತ ಸಾಲ ಅದಾವ."

ಹತ್ತು ಬೀಜ ಕಡಿಮೆ! ಸಾಸನ್ನು ದೊಡ್ಡ ಟ್ರೇಗೆ ಸುರಿದು, ಬೆರಳು ಸುಡುತ್ತಿದ್ದರೂ ಒಂದೊಂದೇ ಹಣ್ಣು ಹಿಚುಕಿ ನೋಡಿದೆ. ಒಂದು ಬೀಜವೂ ಇಲ್ಲ. ಸಿಂಕ್, ಮೇಜಿನ ಕೆಳಗೆ, ಎಲ್ಲೂ ಇಲ್ಲ. ಹೊರಗೆ ಮಕ್ಕಳ ಗಲಾಟೆ ಹೆಚ್ಚುತ್ತಿತ್ತು. "ಹೋಗ್ಲಿ, ಬ್ಯಾರೇ ನೂರು ಮಾಡೋಣ" ಎಂದು ಆಂಟಿ ಮತ್ತೆ ಹಣ್ಣು ಎಣಿಸತೊಡಗಿದರು. "ಅರವತ್ತೆಂಟು, ಅರವತ್ತೊಂಬತ್ತು, ಎಂಬತ್ತು..."

"ಅಜ್ಜಿ, ಯು ಸ್ಕಿಪ್ಡ್ ಎಪ್ಪತ್ತು!" ಎಂದು ಮಗಳು ನಕ್ಕಳು.

ಆಂಟಿ ನಗಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ನೋಡುತ್ತ ನಿಂತರು. ಆ ತಿಂಗಳು ಅವರು ಎರಡು ಸಲ ತಮ್ಮ ಮನೆಯೆಂದುಕೊಂಡು ಮುಂದಿನ ಮನೆಯ ಬಾಗಿಲು ತಟ್ಟಿದ್ದು ನನಗೆ ಆಗ ನೆನಪಾಯಿತು. "ಎಲ್ರಿಗೂ ಆಗತ್ತೆ ಬಿಡಿ ಆಂಟಿ" ಎಂದೆ.

"ಎಲ್ಲಾರಿಗೂ ಆಗೂದಿಲ್ಲ. ಬೀಜ ತಪ್ಪಿಲ್ಲ ತಂಗಿ, ಲೆಕ್ಕ ತಪ್ಪೇದ" ಎಂದರು. ಬೀಜವಿಲ್ಲವೆಂದು ಗೊತ್ತಾಗಿದ್ದರೂ ಆ ಸಾಸನ್ನು ತಾವೇ ಕಸಕ್ಕೆ ಸುರಿದರು. "ನನ್ನ ಎಣಿಕಿ ಮ್ಯಾಲೆ ಇನ್ನ ಮಕ್ಕಳಿಗೆ ಏನೂ ಕೊಡಬ್ಯಾಡ." ಮೊಳೆಯಲ್ಲಿ ನೇತುಹಾಕುವ ಪಿನ್ನನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. ಆ ದಿನ ಮಕ್ಕಳು ಬರೀ ಐಸ್‌ಕ್ರೀಮ್ ತಿಂದರು.

ವರ್ಷ ತುಂಬುವುದರೊಳಗೆ ಡೆಟ್ರಾಯ್ಟ್ ಕಡೆ ಇರುವ ಅವರ ಮಗಳು ಆಂಟಿಯನ್ನು ಕರೆದುಕೊಂಡು ಹೋದಳು. ಈ ಮಾರ್ಚಿನಲ್ಲಿ ಅವರು ತೀರಿಕೊಂಡರು. ಅದಕ್ಕೂ ಮುಂಚೆ, ಹೋದ ವರ್ಷದ ಜುಲೈನಲ್ಲಿ, ನಾನೂ ಮಗಳೂ ಸಾಸಿನ ಬಾಟಲಿ ಹಿಡಿದು ಇನ್ನೂರೈವತ್ತು ಮೈಲಿಗೂ ಹೆಚ್ಚು ಡ್ರೈವ್ ಮಾಡಿ ನೋಡಲು ಹೋಗಿದ್ದೆವು. ನಮ್ಮಿಬ್ಬರ ಗುರುತೂ ಅವರಿಗೆ ಸಿಗಲಿಲ್ಲ. ಯಾರೋ ಬಂದಿದ್ದಾರೆಂಬಂತೆ "ಬರ್ರಿ, ಕೂಡ್ರಿ" ಎಂದರು. ನಾನು ಚಮಚ ತುಂಬ ಸಾಸ್ ತುಟಿಯ ಬಳಿ ಹಿಡಿದೆ. ಬಾಯಿ ಬಿಗಿದುಕೊಂಡರು. ಚಮಚವನ್ನೇ ದಿಟ್ಟಿಸಿ, ಬೆರಳಿಂದ ಹಣ್ಣನ್ನು ಒತ್ತಿ ನೋಡಿ, ನನ್ನ ಮುಖ ನೋಡಿದರು.

"ಎಣಿಸೀಯೇನು?"

"ಎಣಿಸಿದೀನಿ ಆಂಟಿ. ಎರಡು ಸಲ."

ಆಂಟಿ ಬಾಯಿ ತೆರೆದರು.